ಹೊನ್ನೆ ಹಲಗೆಯ ಪಡಸಾಲೆ

ಅಪ್ಪ ತೋಟದ ಕಡೆಯಿಂದ ಬಂದಾಗ ನಾನು ಪಡಸಾಲೆ ಸಾರಿಸುತ್ತಿದ್ದೆ. ಒಳಗೋಡೆಯ ಮೂಲೆಯಿಂದ ಹಿಡಿದು, ಸಗಣಿ ನೀರಿನಲ್ಲಿ ಅಂಗೈ ಅಗಲಿಸಿ ಕಮಾನಿನಂತೆ ಗೆರೆ ಎಳೆಯುತ್ತಾ, ಹಿಂದೆ ಹಿಂದೆ ಸರಿದು ಹೊಸ್ತಿಲಿಗೆ ಬರಬೇಕು. ಮಾತು ಬೇಡದ ಕೆಲಸ. ಅವ್ವ ಒಳಗೆ ರಾಗಿ ಕೇರುತ್ತಿದ್ದಳು, ಅಜ್ಜಿ ಕಂಬಕ್ಕೊರಗಿ ಬತ್ತಿ ಹೊಸೆಯುತ್ತಿದ್ದಳು, ಹೊರಗೆ ರಸ್ತೆಯಲ್ಲಿ ಮಂಗಳೂರಿಗೆ ಇಳಿಯುವ ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಅಪ್ಪ ಹೊಸ್ತಿಲಾಚೆ ನಿಂತು ಒದ್ದೆ ನೆಲವನ್ನು ಬಹಳ ಹೊತ್ತು ನೋಡಿದರು.

"ಇದೂ ಒಂದ್ ನೆಲನಾ?" ಎಂದರು.

"ನೀನು ಅಂಬೆಗಾಲಿಟ್ಟಿದ್ದು ಇದರ ಮೇಲೇಯ," ಅಜ್ಜಿ ಬತ್ತಿಯಿಂದ ಕಣ್ಣೆತ್ತದೆ ಹೇಳಿದಳು. "ಆವಾಗ ಏನೂ ಅಂದಿರ್ನಿಲ್ಲ."

ಅಪ್ಪನ ಹೆಸರು ಶಾಂತಮಲ್ಲಪ್ಪ. ಬಾಳ್ಳುಪೇಟೆಯಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೆ ನಮ್ಮದು ಹಗ್ಗ ಮತ್ತು ಕಂಬಳಿಯ ಅಂಗಡಿ, ಅದರ ಹಿಂದೆಯೇ ಮನೆ. ಎಸ್ಟೇಟುಗಳ ಲೈನ್ ಮನೆಗಳಲ್ಲಿರುವ ಆಳುಗಳಿಗೆ ವರ್ಷ ವರ್ಷ ಕಂಬಳಿ ಕೊಡುತ್ತಿದ್ದವರು ಅಪ್ಪನೇ. ಕೊಟ್ಟು ಬರುವುದೆಲ್ಲ ಸ್ಟೋರಿನ ಬಾಗಿಲಲ್ಲಿ. ಬಂಗಲೆಯ ಒಳಗೆ ಎಂದೂ ಕಾಲಿಟ್ಟವರಲ್ಲ. ಆದರೆ ಅದು ಬಿಳಿ ದೊರೆಗಳು ಒಬ್ಬೊಬ್ಬರಾಗಿ ತೋಟ ಮಾರಿ ಊರಿಗೆ ಹೊರಡುತ್ತಿದ್ದ ಕಾಲ. ಹಾಗೆ ಹೊರಟ ದೊರೆಯೊಬ್ಬರಿಗೆ ನೆನಪಿಗೆಂದು ಒಂದು ಕರಿ ಕಂಬಳಿ ಬೇಕಾಗಿತ್ತು. ಅವತ್ತು ಅಪ್ಪನನ್ನು ಬಂಗಲೆಯ ಒಳಕ್ಕೇ ಕರೆಸಿದ್ದರು. ದೊರೆ ನಮ್ಮ ಕಂಬಳಿಯನ್ನು ವಿಲಾಯಿತಿಗೆ ಒಯ್ದರು, ಅಪ್ಪ ದೊರೆಯ ನೆಲವನ್ನು ಬಾಳ್ಳುಪೇಟೆಗೆ ತಂದರು.

"ಹಲಗೆ ನೆಲ ಕಣವ್ವ! ಪೂರ್ತಿ ಮರ! ದೊರೆ ಅಲ್ಲಿಂದ ಇಲ್ಲಿಗೆ ನಡೆದ್ರೆ ಟಕ್, ಟಕ್, ಟಕ್. ಮನುಷ್ಯ ಬರ್ತಾ ಅವ್ನೆ ಅಂತ ಇಡೀ ಮನೆಗೆ ಗೊತ್ತಾಗ್ತದೆ. ನಮ್ಮನೇಲಿ ನಾನು ಬಂದ್ನೋ ಬೆಕ್ಕು ಬಂತೋ ಯಾರ್ಗೂ ಗೊತ್ತಾಗಕಿಲ್ಲ."

"ಬೆಕ್ಕು ಬಂದ್ರೆ ಗೊತ್ತಾಗ್ತದೆ," ಎಂದಳು ಅವ್ವ ಒಳಗಿನಿಂದ. "ಹಾಲು ಕಮ್ಮಿ ಆಗಿರ್ತದೆ."

ಇಷ್ಟಕ್ಕೇ ನಿಂತಿದ್ದರೆ ನೆಲ ಅಪ್ಪನ ತಲೆಯಲ್ಲೇ ಉಳಿದು ಹಳತಾಗುತ್ತಿತ್ತು. ಆದರೆ ಆ ವರ್ಷ ಮನೆಯಲ್ಲಿ ನನ್ನ ಮದುವೆಯ ಚಿಂತೆಯಿತ್ತು. ನನ್ನನ್ನು ನೋಡಲು ಬಂದ ಆಲೂರಿನವರು ಉಪ್ಪಿಟ್ಟು ತಿಂದು ಹೋಗಿ, "ಹುಡುಗಿ ಬಾಯೇ ಬಿಡಲ್ಲ, ಮೂಗಿ ಇದ್ದಂಗಿದೆ" ಎಂದು ಹೇಳಿ ಕಳಿಸಿದ್ದರು. ಮಗ್ಗೆಯವರು ಹೇಳಿಯೂ ಕಳಿಸಲಿಲ್ಲ. ಈಗ ಹಾನುಬಾಳಿನ ಕಡೆಯ ರುದ್ರಯ್ಯನವರು ಬರುವವರಿದ್ದರು. ಅವರ ಮಗ ಸಿದ್ದಬಸಪ್ಪ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ಬೂಟು ಹಾಕುತ್ತಾನೆ ಎಂಬ ಸುದ್ದಿ ಹುಡುಗನಿಗಿಂತ ಮುಂಚೆ ನಮ್ಮ ಮನೆ ತಲುಪಿತ್ತು. ಇವರೂ ಒಲ್ಲೆ ಎಂದರೆ ಇನ್ನು ಯಾರೂ ಬರುವುದಿಲ್ಲ ಎಂದು ಅವ್ವ ದಿನವೂ ಒಲೆಯ ಮುಂದೆ ಕಣ್ಣೊರೆಸಿಕೊಳ್ಳುತ್ತಿದ್ದಳು.

ಅಪ್ಪ ಈ ಎರಡು ಚಿಂತೆಗಳನ್ನು ಒಂದೇ ಹಗ್ಗದಲ್ಲಿ ಹೊಸೆದುಬಿಟ್ಟರು.

"ಹುಡುಗಿ ಮಾತಾಡದಿದ್ರೆ ಬ್ಯಾಡ," ಎಂದರು. "ನೆಲ ಮಾತಾಡ್ತದೆ."

ಮಾರನೆ ದಿನ ಅಂಗಡಿಯ ಜಗಲಿಯ ಮೇಲೆ ಮರದ ಆಯ್ಕೆ ನಡೆಯಿತು. ಪಕ್ಕದ ಮನೆಯ ಕಲೀಮುಲ್ಲಾ ಸಾಬರು ಮರದ ಲಾರಿ ಇಟ್ಟವರು, ಅಪ್ಪನ ಬಾಲ್ಯದ ಗೆಳೆಯರು. ಅವರು ಬಂದು ಕೂತರು. ಬಡಗಿ ಕುಳ್ಳಯ್ಯನನ್ನೂ ಕರೆಸಿದರು. ಕುಳ್ಳಯ್ಯ ಯಾರು ಏನು ಹೇಳಿದರೂ "ಆಗ್ತದೆ ಬುಡಿ ಸ್ವಾಮಿ" ಎನ್ನುವವನು. ಅದರಿಂದಲೇ ಊರಿನಲ್ಲಿ ಅವನಿಗೆ ಒಳ್ಳೆಯ ಹೆಸರಿತ್ತು.

"ಮರ ಅಂದ್ರೆ ಬೀಟೆ ಕಣ್ರೀ ಶಾಂತಮಲ್ಲಪ್ನೋರೆ," ಕಲೀಮುಲ್ಲಾ ಸಾಬರು ಮೀಸೆ ತಿರುವಿದರು. "ಬೇರೆಲ್ಲ ಸೌದೆ."

"ಬೀಟೆನೇ ಆಗ್ಲಿ!" ಎಂದರು ಅಪ್ಪ, ಬೀದಿಗೆಲ್ಲ ಕೇಳುವಂತೆ.

"ಆಗ್ತದೆ ಬುಡಿ ಸ್ವಾಮಿ," ಎಂದ ಕುಳ್ಳಯ್ಯ.

ಆ ಹೊತ್ತಿಗೆ ಎದುರಿಗೆ ಹಾಸನದ ಬಸ್ಸು ನಿಂತಿತ್ತು. ಬಸ್ಸಿನವರಿಗೂ ಕೇಳಿತು. ಸಂಜೆಯೊಳಗೆ ಶಾಂತಮಲ್ಲಪ್ಪ ಒಂದು ಕಾಡು ಬೀಟೆ ಕಡಿಸಿ ಮನೆಯೊಳಗೆ ಬಚ್ಚಿಟ್ಟಿದ್ದಾನೆ ಎಂಬ ಮಾತು ಆಲೂರಿಗೆ ಹೋಗಿ ವಾಪಸ್ಸು ಬಂದಿತ್ತು. ಬೆಳಗಾದರೆ ಫಾರೆಸ್ಟ್ ಗಾರ್ಡ್ ಗುಂಡಯ್ಯ ಬಾಗಿಲಲ್ಲಿ.

ಗುಂಡಯ್ಯ ಮನೆಯಲ್ಲಿ ಮರದ್ದೆಂದು ಇದ್ದದ್ದನ್ನೆಲ್ಲ ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಟ್ಟು ಕೇಳಿದರು. ತೊಟ್ಟಿಲು, ಒನಕೆ, ಮಜ್ಜಿಗೆ ಕಡೆಯುವ ಕಂಬ. ಕೊನೆಗೆ ಅಜ್ಜಿ ಕೂತಿದ್ದ ಮಣೆಯ ಹತ್ತಿರ ಬಂದರು.

"ಇದು ಯಾವ ಮರ ಅಜ್ಜಿ?"

"ನಮ್ಮ ಯಜಮಾನ್ರು ಮಾಡ್ಸಿದ್ದು. ಅವ್ರು ಲಿಂಗೈಕ್ಯರಾದ್ರು. ಹೋಗಿ ಕೇಳ್ಕೊಂಡು ಬಾ."

ಗುಂಡಯ್ಯ ಕಾಫಿ ಕುಡಿದು, "ಬೀಟೆ ಅಂತ ಬಾಯಲ್ಲೂ ಅನ್ಬೇಡ್ರಿ, ಅದು ಸರ್ಕಾರದ್ದು" ಎಂದು ಹೇಳಿ ಹೊರಟರು. ಅಪ್ಪ ಆಮೇಲೆ ಒಂದು ವಾರ ಆ ಮರದ ಬಗ್ಗೆ ಮಾತಾಡಬೇಕಾದರೆ 'ಅದು' ಎನ್ನುತ್ತಿದ್ದರು.

ಜಗಲಿಯ ಸಭೆ ಮತ್ತೆ ಸೇರಿತು. ಈ ಸಲ ಬಾಗಿಲ ಒಳಗಡೆ ಅಜ್ಜಿಯೂ ಮಣೆ ಹಾಕಿಕೊಂಡು ಕೂತಳು.

"ಹಲಸು ಹಾಕಾಣ," ಎಂದರು ಅಪ್ಪ. "ಬಣ್ಣ ಚೆಂದಾಗೈತೆ."

"ದೇವರ ಮಂಟಪ ಮಾಡೋ ಮರ ಕಣೋ ಅದು! ಅದ್ನ ತುಳೀತೀಯಾ?"

"ಹಂಗಾದ್ರೆ ನಂದಿ ಮರ."

ಅಜ್ಜಿ ಎರಡೂ ಕಿವಿ ಮುಚ್ಚಿಕೊಂಡಳು. "ಶಿವ ಶಿವಾ! ಬಸವಣ್ಣನ ಮೇಲೆ ಕಾಲಿಡಾಕೆ ಹೊಂಟವ್ನೆ ನನ್ನ ಮಗ!"

"ಮಾವು," ಎಂದರು ಅಪ್ಪ, ದನಿ ಇಳಿಸಿ.

"ಮಳೆಗಾಲ ಬಂದ್ರೆ ಅಣಬೆ ಏಳ್ತವೆ," ಎಂದಳು ಅವ್ವ. "ಪಡಸಾಲೇಲೇ ಕಿತ್ತು ಸಾರು ಮಾಡ್ಬೋದು."

"ತೇಗ ಆಗ್ಬೋದಲ್ಲ ಮಾರಾಯ," ಎಂದರು ಕಲೀಮುಲ್ಲಾ ಸಾಬರು.

ಅಪ್ಪ ರಸ್ತೆಯ ಆ ಕಡೆ ಈ ಕಡೆ ನೋಡಿ, "ಅದಕ್ಕೂ ಗುಂಡಯ್ಯ ಬರ್ತಾರಾ?" ಎಂದು ಪಿಸುಗುಟ್ಟಿದರು. ಬರುತ್ತಾರೆ ಎಂದಾಗ ತೇಗವೂ ಬಿತ್ತು.

ಪ್ರತಿಯೊಂದು ಮರಕ್ಕೂ ಕುಳ್ಳಯ್ಯ "ಆಗ್ತದೆ ಬುಡಿ ಸ್ವಾಮಿ" ಎಂದಿದ್ದ. ಪ್ರತಿಯೊಂದು ಮರ ಬಿದ್ದಾಗಲೂ ಅದನ್ನೇ ಅಂದಿದ್ದ. ಹೀಗೆ ಸಕಲೇಶಪುರದಿಂದ ಆಲೂರಿನ ತನಕ ಬೆಳೆಯುವ ಮರಗಳೆಲ್ಲ ನಮ್ಮ ಜಗಲಿಯ ಮೇಲೆ ಉರುಳಿದ ಮೇಲೆ ಕಲೀಮುಲ್ಲಾ ಸಾಬರು ಆಕಳಿಸುತ್ತಾ, "ಫಾರೆಸ್ಟ್ ಪಾಸ್ ಇರೋ ಹೊನ್ನೆ ದಿಮ್ಮಿ ಐತೆ ನನ್ ಹತ್ರ. ಬೇಕಾದ್ರೆ ಹೇಳಿ, ಇಲ್ದಿದ್ರೆ ನಾನು ಊಟಕ್ಕೆ ಹೋಗ್ತೀನಿ" ಎಂದರು. ಅಜ್ಜಿಗೆ ತೂಕಡಿಕೆ ಬಂದಿತ್ತು. ಅವ್ವನ ಅನ್ನ ಉಕ್ಕುತ್ತಿತ್ತು. ಹೊನ್ನೆಯ ಮೇಲೆ ಯಾರಿಗೂ ಏನೂ ತಕರಾರು ಹೊಳೆಯಲಿಲ್ಲ. ನಮ್ಮ ಮನೆಗೆ ಹೊನ್ನೆ ಬಂದದ್ದು ಹೀಗೆ.

ಕುಳ್ಳಯ್ಯ ಹಲಗೆ ಜೋಡಿಸಿದ ದಿನಗಳಲ್ಲಿ ಮನೆಯೆಲ್ಲ ಮರದ ಹೊಟ್ಟಿನ ವಾಸನೆ. ಈಗಲೂ ಯಾರಾದರೂ ಮರ ಕೊಯ್ಯುವ ಕಡೆ ನಿಂತರೆ ನನಗೆ ಆ ಪಡಸಾಲೆ ಕಣ್ಣಿಗೆ ಬರುತ್ತದೆ. ನಿಜ ಹೇಳಬೇಕೆಂದರೆ ಅದು ಚೆನ್ನಾಗಿಯೇ ಇತ್ತು. ಜೇನಿನಂಥ ಬಣ್ಣ. ಮಧ್ಯಾಹ್ನ ಕಿಟಕಿಯ ಬಿಸಿಲು ಬಿದ್ದರೆ ಬೆಕ್ಕು ಅಲ್ಲಿಂದ ಏಳುತ್ತಿರಲಿಲ್ಲ.

ಕೆಲಸ ಮುಗಿದ ದಿನ ಅಪ್ಪ ಸ್ನಾನ ಮಾಡಿ, ವಿಭೂತಿ ಹಚ್ಚಿ, ಪಡಸಾಲೆಯ ಈ ತುದಿಯಿಂದ ಆ ತುದಿಗೆ ನಡೆದರು. ನಾವೆಲ್ಲ ಕಿವಿಗೊಟ್ಟೆವು. ಏನೂ ಕೇಳಲಿಲ್ಲ. ಅಪ್ಪ ಜೋರಾಗಿ ನಡೆದರು. ಆಗಲೂ ಇಲ್ಲ. ಬರಿಗಾಲಿಗೆ ಹಲಗೆ ಮಾತಾಡುವುದಿಲ್ಲ ಎಂಬ ಸಂಗತಿ ಆವರೆಗೆ ಯಾರಿಗೂ ಹೊಳೆದಿರಲಿಲ್ಲ.

ಅಪ್ಪ ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು ಬಂದರು. ಎಡಗಾಲು ಹೊಸ್ತಿಲು ದಾಟುವಷ್ಟರಲ್ಲಿ ಅಜ್ಜಿ ಎದ್ದು ನಿಂತಿದ್ದಳು.

"ಶಾಂತಮಲ್ಲಾ! ಲಿಂಗಪೂಜೆ ಮಾಡೋ ಮನೆ ಇದು, ನೀನು ಮೆಟ್ಟು ಹಾಕ್ಕೊಂಡು ಬರ್ತಾ ಇದೀಯಾ?"

"ಅವ್ವಾ, ಸದ್ದು ಕೇಳಾಕೆ. ಒಂದ್ ಹೆಜ್ಜೆ."

"ಒಂದ್ ಹೆಜ್ಜೆ ಇಡು. ಎರಡನೇ ಹೆಜ್ಜೆಗೆ ನಾನು ಮಗ್ಗೆಗೆ ತಂಗಿ ಮನೆಗೆ ಹೋಗ್ತೀನಿ."

ಅಪ್ಪ ಕಾಲು ಹಿಂದೆ ತೆಗೆದರು. ಆದರೆ ಮುಖದಲ್ಲಿ ಒಂದು ಬೆಳಕು ಬಂತು. ಮನೆಯವರು ಮೆಟ್ಟಬಾರದು, ಸರಿ. ಬರುವ ಹುಡುಗ ಬೂಟು ಹಾಕುತ್ತಾನಲ್ಲ!

ಹುಡುಗನ ಕಡೆಯವರು ಬರುವ ದಿನ ಅವ್ವ ಮಬ್ಬಿನಲ್ಲೇ ಎದ್ದು ಪಡಸಾಲೆಗೆ ನೀರು ಹಾಕಿ ತೊಳೆದಳು. ಬೀಗರಾಗುವವರು ಬರುವಾಗ ನೀರು ಕಾಣದ ನೆಲದ ಮೇಲೆ ಕೂರಿಸಲು ಅವಳ ಮನಸ್ಸು ಒಪ್ಪಲಿಲ್ಲ. ಅವಳು ಒಳಗೆ ಹೋದ ಮೇಲೆ ಅಜ್ಜಿ, ಕತ್ತಲಲ್ಲಿ ಕಾಣದೆ, ಸೊಸೆ ತೊಳೆಯದೇ ಬಿಟ್ಟಿದ್ದಾಳೆ ಅಂದುಕೊಂಡು, ಇನ್ನೊಂದು ಕೊಡ ಸುರಿದಳು. ಮಳೆಗಾಲ ಆಗಷ್ಟೇ ಹಿಂದಾಗಿತ್ತು. ಹಲಗೆ ಒಣಗುವ ಲಕ್ಷಣವಿರಲಿಲ್ಲ. ಒರೆಸಿದ ಬಟ್ಟೆ ಹಿಂಡಿದಾಗ ನೀರು ಹಳದಿಯಾಗಿ ಇಳಿಯಿತು.

"ಅವ್ವಾ, ನೀರು ಹಳದಿ," ಎಂದೆ.

ನನ್ನ ದನಿ ಒಲೆಯ ಉರಿಯ ಸದ್ದಿನಷ್ಟೂ ಇರುವುದಿಲ್ಲ. ಅವ್ವ ರವೆ ಹುರಿಯುತ್ತಿದ್ದಳು. "ಸೀರೆ ಉಡು ಹೋಗು," ಎಂದಳು.

ಅಪ್ಪ ಜಮಖಾನೆ ಸುತ್ತಿ ಅಟ್ಟಕ್ಕೆ ಎಸೆದಿದ್ದರು. ಹಲಗೆ ಕಾಣಬೇಕಲ್ಲ.

ಬಸ್ಸಿನಿಂದ ರುದ್ರಯ್ಯನವರು, ಅವರ ಅಕ್ಕ, ಇಬ್ಬರು ದಾಯಾದಿಗಳು ಮತ್ತು ಹುಡುಗ ಇಳಿದರು. ಗಂಡಸರೆಲ್ಲ ಕೊಕ್ಕರೆಯಂಥ ಬಿಳಿ ಪಂಚೆ. ಹುಡುಗನ ಕಾಲಲ್ಲಿ ಕರಿ ಬೂಟು, ಮೇಲೆ ಬಿಳಿ ಕಾಲುಚೀಲ. ನಾನು ಒಳಬಾಗಿಲ ಮರೆಯಿಂದ ನೋಡಿದ್ದು ಕಾಲುಗಳನ್ನೇ, ಮುಖದ ತನಕ ಹೋಗಲು ಧೈರ್ಯವಿರಲಿಲ್ಲ.

ಹುಡುಗ ಜಗಲಿಯ ಮೇಲೆ ಬಗ್ಗಿ ಬೂಟಿನ ದಾರಕ್ಕೆ ಕೈಹಾಕಿದ. ಅಪ್ಪ ಓಡಿಹೋಗಿ ಆ ಕೈ ಹಿಡಿದುಕೊಂಡರು.

"ಬ್ಯಾಡಿ! ಬಿಚ್ಬ್ಯಾಡಿ! ಹಂಗೇ ಬನ್ನಿ!"

"ಛೇ, ಮನೆಯೊಳಗೆ ಹೆಂಗೆ..."

"ನಡೀತದೆ! ನಮ್ಮನೇಲಿ ಎಲ್ಲಾ ನಡೀತದೆ!"

ರುದ್ರಯ್ಯನವರ ಅಕ್ಕ ಮುಖ ಗಂಟಿಕ್ಕಿದರು. "ಏನ್ರೀ ಇದು, ಲಿಂಗವಂತರ ಮನೆಯಾ ಸಂತೆ ಮಾಳವಾ?"

"ಅಕ್ಕಾ, ತಾವೂ ಮೆಟ್ಟು ಹಾಕ್ಕೊಂಡೇ ಬರಬೋದು," ಎಂದರು ಅಪ್ಪ, ಅವರನ್ನು ಸಮಾಧಾನ ಮಾಡಲು.

ಒಳಗಿನಿಂದ ಅಜ್ಜಿ ಕೆಮ್ಮಿದಳು. ಆ ಕೆಮ್ಮು ಮಗ್ಗೆಯ ತನಕ ಕೇಳುವಂತಿತ್ತು. ಹುಡುಗ ಬೂಟು ಬಿಚ್ಚಿಯೇ ಬಂದ. ಕಾಲುಚೀಲದಲ್ಲಿ ನಡೆದ ಆ ಹೆಜ್ಜೆಗಳು ಬರಿಗಾಲಿಗಿಂತಲೂ ಮೆಲ್ಲಗಿದ್ದವು. ಅಪ್ಪ ಕಿವಿ ಮುಂದೆ ಮಾಡಿ ಕಾದು, ನಿಟ್ಟುಸಿರು ಬಿಟ್ಟರು.

ಇದ್ದ ಒಂದು ಕುರ್ಚಿಯಲ್ಲಿ ಅಕ್ಕ ಕೂತರು. ಗಂಡಸರು ಹಲಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.

"ತಣ್ಣಗೈತೆ," ಎಂದರು ರುದ್ರಯ್ಯ, ಕೂತಲ್ಲೇ ಸ್ವಲ್ಪ ಕದಲಿ.

"ಮರದ ಗುಣ ಅದು!" ಎಂದರು ಅಪ್ಪ ಹೆಮ್ಮೆಯಿಂದ.

ನಾನು ಕಾಫಿ ತಂದೆ. ಅಕ್ಕ ಕೇಳಿದರು: "ಏನ್ ಹೆಸ್ರು ಮಗಾ?"

ನಾನು ಹೇಳಿದೆ. ನನಗೆ ಕೇಳಿಸಿತು, ಅವರಿಗೆ ಕೇಳಿಸಲಿಲ್ಲ. ಅಪ್ಪ ತಕ್ಷಣ ಹಿಮ್ಮಡಿಯಿಂದ ಹಲಗೆಯನ್ನು ಧಡ್ ಎಂದು ಒದ್ದು, "ತಾಯಮ್ಮ ಅಂತ!" ಎಂದರು.

"ಎಷ್ಟು ಓದೈತೆ?"

ಧಡ್! "ನಾಕನೇ ಕ್ಲಾಸು!"

"ಹುಡುಗೀನ ಕೇಳ್ತಾ ಇದೀನಿ ಕಣಪ್ಪಾ, ನಿನ್ನಲ್ಲ. ಅಡುಗೆ ಬರ್ತದಾ ಮಗಾ?"

ಧಡ್!

"ಇವ್ರ ಕಾಲಿಗೇನಾಗೈತೆ?" ಎಂದು ಒಬ್ಬ ದಾಯಾದಿ ಇನ್ನೊಬ್ಬರನ್ನು ಕೇಳಿದರು.

ನಾನು ತಲೆ ತಗ್ಗಿಸಿಕೊಂಡೇ ನಿಂತಿದ್ದೆ. ತಗ್ಗಿಸಿದ ತಲೆಗೆ ಕಾಣುವುದು ನೆಲ ಒಂದೇ. ಹುಡುಗನ ಕಾಲುಚೀಲದ ಅಂಚು ಮೆಲ್ಲಗೆ ಹಳದಿಯಾಗುತ್ತಿತ್ತು. ರುದ್ರಯ್ಯನವರ ಪಂಚೆ ನೆಲ ಮುಟ್ಟಿದ ಕಡೆಯಿಂದ ಹಳದಿ ಮೇಲಕ್ಕೇರುತ್ತಿತ್ತು. ದಾಯಾದಿಗಳದ್ದೂ ಹಾಗೇ. ನೆನೆದ ಹೊನ್ನೆ ಬಣ್ಣ ಬಿಡುತ್ತಿತ್ತು. ನಮ್ಮ ಬಾಗಿಲುಗಳೂ ಹೊನ್ನೆಯವೇ, ಗಾಡಿಯೂ ಹೊನ್ನೆಯದೇ. ಆದರೆ ಒದ್ದೆ ಬಾಗಿಲ ಮೇಲೆ ಬಿಳಿ ಪಂಚೆ ಉಟ್ಟು ಯಾರೂ ಕೂತು ನೋಡಿರಲಿಲ್ಲ. ಅಪ್ಪನನ್ನು ನೋಡಿದೆ, ಅವರು ಮುಂದಿನ ಒದೆತಕ್ಕೆ ಕಾಲು ಎತ್ತಿದ್ದರು. ಅವ್ವನನ್ನು ನೋಡಿದೆ, "ನಗು, ನಗು" ಎಂದು ಸನ್ನೆ ಮಾಡಿದಳು. ಹಳದಿ ಸೊಂಟದ ಕಡೆಗೆ ಹೊರಟಿತ್ತು.

"ಎದ್ದೇಳಿ!" ಎಂದೆ.

ಅಷ್ಟು ದೊಡ್ಡ ದನಿ ನನ್ನೊಳಗಿದೆಯೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಂಗಡಿಯ ಮುಂದಿದ್ದವರೂ ಎದ್ದು ನಿಂತರಂತೆ.

ಅಕ್ಕ ಕಾಫಿ ಲೋಟ ಕೆಳಗಿಟ್ಟರು. "ನೋಡಿದ್ಯಾ ರುದ್ರಾ. ಮೂಗಿ ಅಂದಿದ್ರು. ಬಾಯಿ ಬಿಟ್ಟಿದ್ದೇ ನಮ್ಮನ್ನ ಓಡ್ಸಾಕೆ."

"ನಡೀರಿ," ಎಂದು ರುದ್ರಯ್ಯ ಎದ್ದರು. ಅವರು ಬೆನ್ನು ತಿರುಗಿಸಿದಾಗ ಎಲ್ಲರಿಗೂ ಕಂಡಿತು. ಆಮೇಲೆ ದಾಯಾದಿಗಳು ತಿರುಗಿದರು. ಅಪ್ಪ ಅವರ ಹಿಂದೆ ಜಗಲಿಯ ತನಕ ಹೋಗಿ, "ಬೂಟು ಹಾಕ್ಕೊಳಿ" ಎಂದರು.

ಅವತ್ತು ರಾತ್ರಿ ನಮ್ಮ ಮನೆಯಲ್ಲಿ ಯಾರೂ ಉಣ್ಣಲಿಲ್ಲ. ಬೆಳಗಾಗುತ್ತಲೇ ಅಜ್ಜಿ ಒಂದು ಮಂಕರಿ ಸಗಣಿ ತರಿಸಿ, ಹಲಗೆಯ ಮೇಲೆ ದಪ್ಪಗೆ ಬಳಿದಳು. ಅಪ್ಪ ಬೇಡ ಎನ್ನಲಿಲ್ಲ. ಅಂಗಡಿಯಲ್ಲಿ ಕಂಬಳಿ ರಾಶಿಯ ಹಿಂದೆ ಕೂತು, ಗಿರಾಕಿ ಬಂದರೆ "ಇಲ್ಲ" ಎನ್ನುತ್ತಿದ್ದರು.

ಹಾನುಬಾಳಿನವರು ವಾಪಸ್ಸು ಹೋದ ಬಸ್ಸಿನಲ್ಲಿ ಏನಾಯಿತೆಂದು ಹೇಳಿದ್ದು ಕಲೀಮುಲ್ಲಾ ಸಾಬರು. ಅವರೂ ಅದರಲ್ಲೇ ಸಕಲೇಶಪುರಕ್ಕೆ ಹೋಗಿದ್ದರು.

ಮದುವೆ ಮುಗಿದ ಮೇಲೆ ಬೀಗರಿಗೆ ಬೀಗರು ಅರಿಶಿನದ ಓಕುಳಿ ಎರಚುವುದು ನಮ್ಮ ಕಡೆಯ ಪದ್ಧತಿ. ಹಳದಿಯಾದ ಪಂಚೆಯ ಗಂಡಸರು, ಅವರ ಜೊತೆ ಬೂಟು ಹಾಕಿದ ಒಬ್ಬ ಹುಡುಗ ಬಸ್ಸು ಹತ್ತಿದರೆ ಜನ ಇನ್ನೇನು ಅಂದುಕೊಳ್ಳಬೇಕು?

"ಮದ್ವೆ ಮುಗೀತಾ ಯಜಮಾನ್ರೇ? ಅಂತ ಒಬ್ಬ. ಹೆಣ್ಣಿನ ಕಡೆಯೋರು ಜೋರು, ಸರಿಯಾಗ್ ಆಡಿಸ್ಬುಟ್ಟವ್ರೆ ಅಂತ ಇನ್ನೊಬ್ಬ. ರುದ್ರಯ್ಯನೋರು, ಅರಿಶಿನ ಅಲ್ಲ ಕಣ್ರೀ, ಹಲಗೆ, ಅಂದ್ರು. ಅಂದಿದ್ದೇ ತಡ, ಇಡೀ ಬಸ್ಸು ನಗ್ತು ನೋಡಿ! ಕಂಡಕ್ಟರು ಹುಡುಗನಿಗೆ ಮುಂದಿನ ಸೀಟು ಬಿಟ್ಕೊಟ್ಟ, ಹೊಸ ಮದ್ಲಿಂಗ ಅಂತ."

ಅಪ್ಪ ಕಂಬಳಿ ರಾಶಿಯ ಹಿಂದೆ ಇನ್ನೂ ಸ್ವಲ್ಪ ಕೆಳಗಿಳಿದರು.

ಕೆಲವು ದಿನ ಕಳೆದು ರುದ್ರಯ್ಯನವರು ಒಬ್ಬರೇ ಬಂದರು. ಹೊಸ ಪಂಚೆ ಉಟ್ಟಿದ್ದರು, ಕೂರಲು ಹೇಳಿದರೂ ಕೂರಲಿಲ್ಲ. ಅಪ್ಪ ಅವರನ್ನು ಕಂಡವರೇ ಪಕ್ಕದ ಅಂಗಡಿಗೆ ಓಡಿ ಪಂಚೆಯ ಕಟ್ಟು ತಂದು ಮುಂದಿಟ್ಟರು.

"ತಪ್ಪಾಯ್ತು ಸ್ವಾಮಿ. ತಗೊಳಿ. ದಾಯಾದಿಗಳಿಗೂ ಸೇರಿ ಐತೆ."

"ಪಂಚೆ ಯಾರಿಗ್ರೀ ಬೇಕು? ಮಾನ ಹೋಗೈತೆ! ನಾವು ಮನೆ ಮುಟ್ಟೋದ್ರೊಳಗೆ ಸುದ್ದಿ ಮುಟ್ಟಿತ್ತು. ನನ್ನ ಹೆಂಡ್ತಿ, ಇದ್ದೊಬ್ಬ ಮಗನ ಮದುವೇನ ನನಗೆ ಹೇಳ್ದೆ ಮಾಡ್ಕೊಂಡು ಬಂದ್ರಾ ಅಂತ ಅಗಳಿ ಹಾಕ್ಕೊಂಡ್ಳು. ಹಲಗೆ ಅಂದೆ. ಯಾವ ಹಲಗೆ ಅಂದ್ಳು. ಮುಸ್ಸಂಜೇಲಿ ಊರೋರೆಲ್ಲ ಹೋಳಿಗೆ ಎಲ್ಲಿ ಅಂತ ಬಂದು ಕೂತವ್ರೆ!"

"ಕಾಲುಚೀಲನೂ ಕೊಡಿಸ್ತೀನಿ," ಎಂದರು ಅಪ್ಪ.

"ಯಸಳೂರಿನ ಕಡೆ ಇನ್ನೊಂದು ಹೆಣ್ಣು ಗೊತ್ತು ಮಾಡಿದ್ದೆ. ಅವರು ಏನಂದ್ರು ಗೊತ್ತಾ? ಎರಡನೇ ಸಂಬಂಧಕ್ಕೆ ನಮ್ಮ ಹುಡುಗೀನ ಕೊಡಕಿಲ್ಲ ಅಂದ್ಬುಟ್ರು! ಇನ್ನು ಇವನಿಗೆ ಯಾರು ಹೆಣ್ಣು ಕೊಡ್ತಾರೆ?"

"ಯಾರು ಕೊಡ್ತಾರೆ ಪಾಪ," ಎಂದರು ಅಪ್ಪ, ನಿಜವಾಗಿಯೂ ಮರುಗಿ.

"ನೀವೇ ಕೊಡ್ಬೇಕು!"

ಅಪ್ಪನಿಗೆ ಅರ್ಥವಾಗಲಿಲ್ಲ. ಮುಂದಿದ್ದ ಪಂಚೆ ಎತ್ತಿ ಕೊಟ್ಟರು. ಒಳಬಾಗಿಲಲ್ಲಿ ಅವ್ವ ನನ್ನ ರಟ್ಟೆ ಎಷ್ಟು ಬಿಗಿ ಹಿಡಿದಳೆಂದರೆ ಬಳೆ ಒಡೆಯಿತು. ಅಜ್ಜಿಯೇ ಮುಂದೆ ಬಂದು, "ಕೊಟ್ವಿ ಕಣಪ್ಪಾ, ಕೂತ್ಕೋ. ಸಗಣಿ ಬಳಿದೈತೆ, ಭಯ ಪಡಬ್ಯಾಡ" ಎಂದಳು.

ರುದ್ರಯ್ಯ ಕೈಯಿಂದ ಮುಟ್ಟಿ ನೋಡಿ, ಆಮೇಲೆ ಕೂತರು. ಕಾಫಿ ಕುಡಿದ ಮೇಲೆ ದನಿ ಸ್ವಲ್ಪ ತಗ್ಗಿತು.

"ಹುಡುಗ ಅವತ್ತೇ ಹೇಳಿದ್ದ ಬಿಡಿ. ಆ ಮನೇಲಿ ಸರಿಯಾದ ಮಾತು ಆಡಿದ್ದು ಆ ಹುಡುಗಿ ಒಬ್ಬಳೇ ಅಂತ."

ಮದುವೆ ಮಾಘದಲ್ಲಿ, ನಮ್ಮ ಮನೆಯ ಮುಂದೆಯೇ ಚಪ್ಪರ ಹಾಕಿ ಆಯಿತು. ಹಾನುಬಾಳಿನ ಇಡೀ ಊರೇ ಬಂದಿತ್ತು. ಹಲಗೆಯ ನೆಲ ನೋಡಬೇಕೆಂದು ಬಂದವರೇ ಹೆಚ್ಚು. ಪಡಸಾಲೆಗೆ ಸಗಣಿ ಬಳಿದು, ಅದರ ಮೇಲೆ ಚಾಪೆ, ಚಾಪೆಯ ಮೇಲೆ ಜಮಖಾನೆ, ಜಮಖಾನೆಯ ಮೇಲೆ ಅಂಗಡಿಯ ಕಂಬಳಿಗಳು. ಆದರೂ ಬಂದವರು ಅಂಚು ಎತ್ತಿ ಎತ್ತಿ ನೋಡುತ್ತಿದ್ದರು.

ಕಳಿಸಿಕೊಡುವ ಹೊತ್ತಿಗೆ ಕಲೀಮುಲ್ಲಾ ಸಾಬರ ಲಾರಿ ತೊಳೆದು, ಮಾವಿನ ಸೊಪ್ಪು ಕಟ್ಟಿ ಬಾಗಿಲಿಗೆ ನಿಂತಿತ್ತು. ಅವ್ವ ಮಡಿಲಕ್ಕಿ ತುಂಬಿದಳು. ಅಜ್ಜಿ ನನ್ನ ಕೆನ್ನೆ ಸವರಿ, "ಅಲ್ಲೂ ಒಂದೊಂದ್ಸಲ ಎದ್ದೇಳಿ ಅನ್ನು" ಎಂದು ಕಿವಿಯಲ್ಲಿ ಹೇಳಿದಳು. ಅಪ್ಪ ಬೆಳಗಿನಿಂದ ಏನಾದರೂ ಒಂದು ಕೆಲಸ ಹುಡುಕಿಕೊಂಡು ಓಡಾಡುತ್ತಲೇ ಇದ್ದವರು ಈಗ ಕೆಲಸವೆಲ್ಲ ಮುಗಿದು ಸುಮ್ಮನೆ ನಿಂತಿದ್ದರು. ಬೀಗರು ಕಂಬಳಿಯ ಮೇಲಿಂದ ಏಳತೊಡಗಿದರು. ಅಪ್ಪ ಕೈ ಮುಗಿದರು. ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು.

"ಗೌರಿ ಹಬ್ಬಕ್ಕೆ ಮಗೀನ ಒಂದೆರಡು ದಿನ ಕಳ್ಸಿಕೊಡಿ ಬೀಗ್ರೇ," ಎಂದರು.

ರುದ್ರಯ್ಯನವರು, ಅವರ ದಾಯಾದಿಗಳು, ಹಾನುಬಾಳಿನ ಗಂಡಸರೆಲ್ಲ ಒಬ್ಬರ ಹಿಂದೊಬ್ಬರು ಕತ್ತು ತಿರುಗಿಸಿ, ತಮ್ಮ ತಮ್ಮ ಪಂಚೆಯ ಹಿಂಭಾಗ ನೋಡಿಕೊಳ್ಳುತ್ತಿದ್ದರು.